ಸೋಸಿದ ಮಾತ್ರಕ್ಕೆ ಶುದ್ಧವೇ?

ಆಗಮನ ಕಾಲ ಸಮೀಪಿಸುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳ ಓಣಿಗಳಲ್ಲಿ ಒಂದು ಪರಿಚಿತ ಪರಿಮಳ ಹರಡುತ್ತದೆ. ವೈಟ್‌ಫೀಲ್ಡಿನ ಹಳೆಯ ಹೆಂಚಿನ ಮನೆಯಿರಲಿ, ಎಲೆಕ್ಟ್ರಾನಿಕ್ ಸಿಟಿಯ ಹತ್ತನೆಯ ಮಹಡಿಯ ಫ್ಲ್ಯಾಟ್ ಇರಲಿ, ಪೀಣ್ಯದ ಕಾರ್ಖಾನೆಗಳ ಹಿಂದಿನ ಬಾಡಿಗೆ ವಠಾರವಿರಲಿ, ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಭರಣಿಯೊಂದು ಕುಳಿತಿರುತ್ತದೆ. ದ್ರಾಕ್ಷಿ, ಸಕ್ಕರೆ, ಹಿಡಿ ಗೋಧಿ, ಚಿಟಿಕೆ ಯೀಸ್ಟ್, ಎರಡು ಲವಂಗ. ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುವ ಅಜ್ಜಿ. ಇಪ್ಪತ್ತೊಂದು ದಿನಗಳ ಬಳಿಕ ಮಲ್‌ಮಲ್ ಬಟ್ಟೆಯಲ್ಲಿ ಸೋಸುವ ಸಂಭ್ರಮ.

ಈ ಪದ್ಧತಿಯನ್ನು ಹಳಿಯಲು ನಾನು ಲೇಖನಿ ಹಿಡಿದಿಲ್ಲ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ನೀಡಿದ ಭೂಮಿಯಲ್ಲಿ ಡೇವಿಡ್ ವೈಟ್ ಅವರ ಮುಂದಾಳತ್ವದಲ್ಲಿ ಆಂಗ್ಲೋ ಇಂಡಿಯನ್ ವಸಾಹತಾಗಿ ಹುಟ್ಟಿದ ಊರು ವೈಟ್‌ಫೀಲ್ಡ್. ಆ ಸಮುದಾಯದ ಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಕೇಕು ಮತ್ತು ಮನೆಯ ವೈನು. ಇತ್ತ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ತೋಟಗಳಿಂದ ಬರುವ, 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಮಣ್ಣಿನದೇ ಬೆಳೆ. ಹಬ್ಬದ ದಿನ ಅತಿಥಿಗೆ ಸಣ್ಣ ಲೋಟದಲ್ಲಿ ಕೊಡುವ ಆ ರಸದಲ್ಲಿ ಒಂದು ಸೌಜನ್ಯವಿತ್ತು, ಒಂದು ಮಿತಿಯೂ ಇತ್ತು.

ನನ್ನ ತಕರಾರು ಆ ಮಿತಿ ಕಳೆದುಹೋದುದರ ಬಗ್ಗೆ. ಈಗ ಅನೇಕ ಮನೆಗಳಲ್ಲಿ ಭರಣಿಯ ರಸ 'ಸಪ್ಪೆ' ಎನಿಸಿದೆ. ಅದಕ್ಕೆ ರಮ್ಮು, ಬ್ರಾಂದಿ ಸುರಿಯಲಾಗುತ್ತದೆ. ಅನಾನಸ್, ನೇರಳೆ, ಕಿತ್ತಳೆ ಸಿಪ್ಪೆಗಳನ್ನು ವಾರಗಟ್ಟಲೆ ಮದ್ಯಸಾರದಲ್ಲಿ ನೆನೆಸಿಟ್ಟು, ಬಟ್ಟೆಯಲ್ಲಿ, ಕಾಫಿಯ ಸೋಸುಕಾಗದದಲ್ಲಿ, ಇದ್ದಿಲಿನಲ್ಲಿ ಸೋಸಿ ಸ್ಫಟಿಕದಂತೆ ಮಾಡಿ, ಹಳೆಯ ಸೀಸೆಗಳಿಗೆ ತುಂಬಿ, ಹೊಸ ಚೀಟಿ ಅಂಟಿಸಿ ಫೋನಿನ ಮೂಲಕ ಮಾರುವವರೂ ಇದ್ದಾರೆ. ಇದೇನೆಂದು ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ: 'ಇದು ಹಣ್ಣಿನದು', 'ಇದು ಮನೆಯದು', 'ಇದು ಚೆನ್ನಾಗಿ ಸೋಸಿದ್ದು'. ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಹಣ್ಣಿನದು ನಿಜ. ಆದರೆ ಯೀಸ್ಟ್ ತಿನ್ನುವುದು ಹಣ್ಣಿನ ಸಕ್ಕರೆಯನ್ನು, ಬಿಡುವುದು ಮದ್ಯಸಾರವನ್ನು. ತಾನು ಹುಟ್ಟಿಸಿದ ಮದ್ಯಸಾರವು ಶೇಕಡಾ 14-15ರ ಆಸುಪಾಸಿಗೆ ಏರಿದಾಗ ಸಾಮಾನ್ಯವಾಗಿ ಯೀಸ್ಟೇ ಸೋತು ಸಾಯುತ್ತದೆ. ಪ್ರಕೃತಿಯೇ ಎಳೆದ ಗೆರೆ ಅದು. ಅಂಗಡಿಯ ರಮ್ಮಿನಲ್ಲಿರುವುದು ಶೇಕಡಾ 42.8. ಅದರ 30 ಮಿಲಿಲೀಟರಿನಲ್ಲಿರುವ ಮದ್ಯಸಾರ 100 ಮಿಲಿಲೀಟರ್ ವೈನಿನಲ್ಲಿರುವುದಕ್ಕೆ ಹೆಚ್ಚುಕಡಿಮೆ ಸಮ. ಅದರೊಳಗೆ ಅನಾನಸ್ ಹಾಕಿದರೆ ಮದ್ಯಸಾರ ಹಣ್ಣಾಗುವುದಿಲ್ಲ, ಹಣ್ಣೇ ಮದ್ಯವಾಗುತ್ತದೆ. ಸಿಹಿಯೂ ಪರಿಮಳವೂ ಮಾಡುವ ಕೆಲಸವೆಂದರೆ ನಾಲಿಗೆಯ ಎಚ್ಚರಿಕೆಯ ಗಂಟೆಯನ್ನು ನಿಲ್ಲಿಸುವುದು. ಕಹಿಯೆಂದು ರಮ್ಮನ್ನು ದೂರ ತಳ್ಳುವ ಹದಿನಾರರ ಹುಡುಗ ಇದನ್ನು ಮೂರು ಲೋಟ ಕುಡಿದುಬಿಡುತ್ತಾನೆ.

ಮನೆಯದು ಎಂಬ ಮಾತು ಇನ್ನೂ ಮೋಸದ್ದು. ಸ್ವಂತ ದ್ರಾಕ್ಷಿಯನ್ನು ಸ್ವಂತ ಕೈಯಿಂದ ಹುಳಿಯಿಸಿದವರಿಗೆ ಆ ಮಾತು ಒಪ್ಪುತ್ತದೆ. ಮದ್ಯಸಾರವನ್ನು ಅಗ್ಗವಾಗಿ, ಬಿಡಿಯಾಗಿ, ಯಾರಿಂದಲೋ ತಂದವರಿಗೆ ಒಪ್ಪುವುದಿಲ್ಲ. ಕೈಗಾರಿಕಾ ವಲಯದಲ್ಲಿ ವಾಸಿಸುವ ನಮಗೆ ಇದು ಚೆನ್ನಾಗಿ ಗೊತ್ತಿರಬೇಕು. ಬಣ್ಣ ತೆಳುಮಾಡಲು, ಯಂತ್ರದ ಭಾಗ ತೊಳೆಯಲು ಬಳಸುವ ದ್ರಾವಕಗಳಲ್ಲಿ ಮೆಥನಾಲ್ ಇರುತ್ತದೆ. ಅದು ಕುಡಿಯುವ ಮದ್ಯಸಾರದ ಅವಳಿಯಂತೆ ಕಾಣುತ್ತದೆ. ಕಣ್ಣಿಗೆ ಬಣ್ಣವಿಲ್ಲ, ಮೂಗಿಗೆ ಸಂಶಯವಿಲ್ಲ. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಕೆಲವು ಚಮಚೆಗಳೇ ದೃಷ್ಟಿಗೂ ಪ್ರಾಣಕ್ಕೂ ಸಾಕು. ಲಕ್ಷಣಗಳು ಕಾಣುವುದೋ ಹಲವು ಗಂಟೆಗಳ ನಂತರ.

1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಮುನ್ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ಆನೇಕಲ್ ಭಾಗ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಪ್ರದೇಶಗಳಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ. ಸತ್ತವರಲ್ಲಿ ಬಹುಪಾಲು ಕೂಲಿಕಾರರು. ಅವರೂ ತಮಗೆ ಪರಿಚಿತರಾದವರಿಂದಲೇ, ನಂಬಿಕೆಯಿಂದಲೇ ಕೊಂಡು ಕುಡಿದಿದ್ದರು ಎಂಬುದನ್ನು ನಾವು ಮರೆಯಬಾರದು.

ಇನ್ನು ಸೋಸಿದ್ದು ಎಂಬ ಮೂರನೆಯ ಮಾತು. ಬಟ್ಟೆ ಸಿಪ್ಪೆಯನ್ನು ತಡೆಯುತ್ತದೆ, ಕಾಗದ ಗಸಿಯನ್ನು ತಡೆಯುತ್ತದೆ, ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ಸ್ವಲ್ಪ ಹೀರುತ್ತದೆ. ನೀರಿನಲ್ಲಿ ಸಂಪೂರ್ಣ ಬೆರೆತ ಮೆಥನಾಲನ್ನು ಇವು ಯಾವುವೂ ತಡೆಯಲಾರವು. ಹತ್ತು ಬಾರಿ ಸೋಸಿದರೂ ವಿಷ ಬಟ್ಟೆಯ ಈಚೆ ಬಂದೇ ಬರುತ್ತದೆ, ಇನ್ನಷ್ಟು ತಿಳಿಯಾಗಿ, ಇನ್ನಷ್ಟು ನಂಬಿಕೆ ಹುಟ್ಟಿಸುವಂತೆ. ತಿಳಿಯಾಗಿರುವುದು ಬೇರೆ, ಶುದ್ಧವಾಗಿರುವುದು ಬೇರೆ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಬಗ್ಗೆ ಪ್ರಭು ಯೇಸು ಆಡಿದ ಮಾತನ್ನು ನಾವು ಫರಿಸಾಯರಿಗೆ ಮೀಸಲಿಟ್ಟಿದ್ದೇವೆ. ಅದು ನಮ್ಮ ಅಡುಗೆಮನೆಗೂ ಸಲ್ಲುತ್ತದೆಯೇನೋ.

ಇಷ್ಟು ಖಂಡಿತವಾಗಿ ಬರೆಯುವ ಅಧಿಕಾರ ನಿಮಗೆಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನದೇ ತಪ್ಪಿನಿಂದ ಬಂತು. ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಸಂಜೆ ನಮ್ಮ ಮನೆಗೆ ಪರಿಚಿತರೊಬ್ಬರು ಪತ್ನಿ ಮಕ್ಕಳೊಡನೆ ಬಂದಿದ್ದರು. ಬಹುಕಾಲ ಕುಡಿತಕ್ಕೆ ಸಿಲುಕಿ, ಚಿಕಿತ್ಸೆ ಪಡೆದು, ಏಳು ತಿಂಗಳಿನಿಂದ ಒಂದು ಹನಿಯನ್ನೂ ಮುಟ್ಟದೆ ಬದುಕಿದ್ದವರು. ಅದು ನನಗೆ ಗೊತ್ತಿತ್ತು. ಆದರೂ ಲೋಟ ಮುಂದೆ ಹಿಡಿದೆ. ಅವರು ಬೇಡವೆಂದರು. 'ವೈನು ತಾನೇ, ಮನೆಯದು, ಹಣ್ಣಿನದು' ಎಂದೆ. ಅದರಲ್ಲಿ ಅರ್ಧ ಸೀಸೆ ಬ್ರಾಂದಿ ಇತ್ತೆಂದು ಹೇಳಲಿಲ್ಲ. ಅವರು ಮರ್ಯಾದೆಗಾಗಿ ತೆಗೆದುಕೊಂಡರು. ಪಕ್ಕದಲ್ಲಿದ್ದ ಅವರ ಪತ್ನಿಯ ಮುಖ ಕಪ್ಪಿಟ್ಟದ್ದನ್ನು ಕಂಡೂ ನಾನು ಕಾಣದಂತಿದ್ದೆ. ಹೊಸ ವರ್ಷದ ಹೊತ್ತಿಗೆ ಅವರು ಮತ್ತೆ ಕುಡಿತಕ್ಕೆ ಬಿದ್ದಿದ್ದರು. ಒಂದು ಲೋಟವೇ ಅದಕ್ಕೆ ಕಾರಣವೆಂದು ಯಾರೂ ಪ್ರಮಾಣಿಸಲಾರರು. ಆದರೆ ಆ ಲೋಟ ನನ್ನ ಕೈಯಿಂದ ಹೋಯಿತೆಂಬುದಕ್ಕೆ ನಾನೇ ಸಾಕ್ಷಿ.

ಆಕ್ಷೇಪಗಳು ಬರುತ್ತವೆ. ಕಾನಾ ಊರಿನ ಮದುವೆಯಲ್ಲಿ ಪ್ರಭು ನೀರನ್ನು ದ್ರಾಕ್ಷಾರಸವಾಗಿಸಲಿಲ್ಲವೇ? ಆಗಿಸಿದರು. ಒಂದು ಕುಟುಂಬ ಅತಿಥಿಗಳ ಮುಂದೆ ಅವಮಾನಕ್ಕೆ ಈಡಾಗಬಾರದೆಂದು ಆಗಿಸಿದರು. ನಾವು ಲೋಟ ಹಿಡಿದು ಬೇಡವೆನ್ನುವವನನ್ನು ಅವಮಾನಿಸುತ್ತಿದ್ದೇವೆ. ಸಂತ ಪೌಲರು ತಿಮೊಥೇಯನಿಗೆ ಸ್ವಲ್ಪ ದ್ರಾಕ್ಷಾರಸ ಸೇವಿಸೆಂದು ಬರೆಯಲಿಲ್ಲವೇ? ಬರೆದರು, ಹೊಟ್ಟೆಯ ತೊಂದರೆಗೆ ಬರೆದರು. ಅದೇ ಪೌಲರು ತಮ್ಮ ಸಹೋದರ ಎಡವುವುದಾದರೆ ದ್ರಾಕ್ಷಾರಸವನ್ನೇ ಬಿಡುವುದು ಲೇಸೆಂದು ರೋಮಿನವರಿಗೂ ಬರೆದರು. ಒಂದು ಪತ್ರವನ್ನು ಓದಿ ಇನ್ನೊಂದನ್ನು ಮಡಚಿಡುವುದು ನ್ಯಾಯವಲ್ಲ. ಬಲಿಪೀಠದ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ. ಪಾನಪಾತ್ರೆಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿರುವ ನಾವು ನೆರೆಯವನ ಲೋಟದ ಬಗ್ಗೆ ಇಷ್ಟು ಉದಾಸೀನರಾಗಬಹುದೇ?

ಇನ್ನೊಂದು ಇಬ್ಬಗೆಯ ನೀತಿಯನ್ನೂ ಹೇಳಲೇಬೇಕು. ಸಾರಾಯಿ ನಿಷೇಧವಾದ ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಬೆಳೆಗಾರರ ಹಿತಕ್ಕೆಂದು ವೈನ್ ನೀತಿಯನ್ನು ತಂದಿತು. ಕಾರ್ಮಿಕನ ಪೊಟ್ಟಣ ಪಾಪವಾಯಿತು, ನಮ್ಮ ಸೀಸೆ ಸಂಸ್ಕೃತಿಯಾಯಿತು. ಪೀಣ್ಯದ ವಠಾರದಲ್ಲಿ ಕುಡಿದವನು ಕುಡುಕ, ಗೇಟಿನೊಳಗಿನ ಬಡಾವಣೆಯಲ್ಲಿ ಕುಡಿದವನು ರಸಿಕ. 1965ರ ಕರ್ನಾಟಕ ಅಬಕಾರಿ ಅಧಿನಿಯಮವಾದರೂ ಈ ಭೇದವನ್ನು ಮಾಡುವುದಿಲ್ಲ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದಕ್ಕೂ ಮಾರುವುದಕ್ಕೂ ಅದು ಅವಕಾಶ ಕೊಡುವುದಿಲ್ಲ. ಹಬ್ಬದ ಹೆಸರಿನಲ್ಲಿ ಮಾರಿದರೂ ಮಾರಾಟ ಮಾರಾಟವೇ. ಯಕೃತ್ತಿಗೂ ಈ ಭೇದ ತಿಳಿಯದು. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಮಾಡಬೇಕಾದುದೇನು? ಅಜ್ಜಿಯ ಭರಣಿಯನ್ನು ಒಡೆಯಿರೆಂದು ನಾನು ಹೇಳುತ್ತಿಲ್ಲ. ಸತ್ಯವನ್ನು ಹೇಳಿರೆನ್ನುತ್ತೇನೆ. ಮದ್ಯಸಾರ ಬೆರೆಸಿದ್ದನ್ನು ವೈನ್ ಎನ್ನಬೇಡಿ, ಮದ್ಯ ಎನ್ನಿ. ಮೂಲ ತಿಳಿಯದ ಮದ್ಯಸಾರವನ್ನು ಮನೆಯೊಳಗೆ ತರಬೇಡಿ. ದೇವಾಲಯದ ಅಂಗಳದ ಮಾರಾಟ ಮಳಿಗೆಗಳಲ್ಲಿ ಇವಕ್ಕೆ ಜಾಗ ಕೊಡಬೇಡಿ. ಮಕ್ಕಳ ಕೈಗೆ 'ಒಂದು ಗುಟುಕು' ಕೊಡಬೇಡಿ. ಅತಿಥಿಗೆ ಮೊದಲು ಚಕ್ಕೆ ಲವಂಗ ಹಾಕಿ ಕುದಿಸಿ ಆರಿಸಿದ ದ್ರಾಕ್ಷಿಯ ರಸವನ್ನೋ ಪುನರ್ಪುಳಿಯ ಶರಬತ್ತನ್ನೋ ನೀಡಿ. ಬೇಡವೆಂದವರನ್ನು ಎರಡನೆಯ ಬಾರಿ ಕೇಳಬೇಡಿ, ಕಾರಣವನ್ನಂತೂ ಕೇಳಲೇಬೇಡಿ.

ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಕುಡಿತದೊಡನೆ ಮೌನವಾಗಿ ಹೋರಾಡುತ್ತಿರುವ ಒಬ್ಬ ತಂದೆ, ಒಬ್ಬ ಮಗ, ಕೆಲವೊಮ್ಮೆ ಒಬ್ಬ ತಾಯಿ ಇದ್ದೇ ಇರುತ್ತಾರೆ. ಡಿಸೆಂಬರ್ ಅವರಿಗೆ ಅತ್ಯಂತ ಕಠಿಣವಾದ ತಿಂಗಳು. ಈ ಕ್ರಿಸ್ಮಸ್ಸಿಗೆ ಅವರು ನಮ್ಮ ಮನೆಗೆ ಹೆದರದೆ ಬಂದು ಹೆದರದೆ ಹಿಂತಿರುಗುವಂತಾಗಲಿ. ನನ್ನ ಮನೆಗೆ ಅಂದು ಬಂದವರು ಮತ್ತೆ ಬಂದಿಲ್ಲ. ಬಂದರೆ ಕೊಡಲೆಂದು ದ್ರಾಕ್ಷಿಯ ರಸವನ್ನು ಪ್ರತಿ ವರ್ಷ ಕುದಿಸಿಡುತ್ತೇನೆ.