ಶಾಲೆ ಬಿಟ್ಟ ಮೇಲಿನ ಹೊತ್ತು

ಹವಾಯಿಯ ಓಆಹು ದ್ವೀಪದ ಪಶ್ಚಿಮ ಕರಾವಳಿ ವೈಆನೈ. ಮೂಲ ಹವಾಯಿಯನ್ನರು ಹೆಚ್ಚಾಗಿ ನೆಲೆಸಿರುವ ಇಲ್ಲಿಂದ ಅನೇಕ ತಂದೆ-ತಾಯಂದಿರು ಕೆಲಸಕ್ಕೆ ಹೊನೊಲುಲು, ವೈಕೀಕಿಗೆ ಹೋಗುತ್ತಾರೆ. ಸಂಚಾರಕ್ಕೆ ಫ್ಯಾರಿಂಗ್‌ಟನ್ ಹೆದ್ದಾರಿಯೇ ಆಧಾರ. ಅಲ್ಲೊಂದು ಅಪಘಾತವಾದರೆ ಇಡೀ ಕರಾವಳಿ ಸ್ತಬ್ಧ. ಮಕ್ಕಳ ಶಾಲೆಯಾದರೋ ಮಧ್ಯಾಹ್ನವೇ ಬಿಡುತ್ತದೆ.

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರಿಲ್ಲದ ಈ ಕೊರತೆ ನೀಗಲೆಂದೇ ರಾಜ್ಯ ಸರ್ಕಾರ 1990ರಲ್ಲಿ ‘ಎ ಪ್ಲಸ್’ ಯೋಜನೆ ತಂದಿತು. ಸಂಜೆ 5.30ರವರೆಗೆ ಶಾಲೆಯಲ್ಲೇ ಹೋಂವರ್ಕ್, ಆಟ, ಕಲೆ. ಯೋಜನೆ ಒಳ್ಳೆಯದೇ, ಆದರೆ ಪ್ರಾಥಮಿಕ ಹಂತಕ್ಕೆ ನಿಂತುಬಿಡುತ್ತದೆ. ಹದಿಹರೆಯದವರಿಗೇ ಅಲ್ಲವೇ ಜೊತೆಗೊಬ್ಬರು ಹಿರಿಯರು ಬೇಕಿರುವುದು?

ದಾರಿ ಅಲ್ಲಿನವರಿಗೆ ಗೊತ್ತಿದೆ. ಸಿಂಹಾಸನ ಕಳೆದುಕೊಂಡ ರಾಣಿ ಲಿಲಿಉಓಕಲಾನಿ 1909ರಲ್ಲಿ ಸ್ಥಾಪಿಸಿದ ಟ್ರಸ್ಟ್ ಅನಾಥ, ಬಡ ಹವಾಯಿಯನ್ ಮಕ್ಕಳಿಗಾಗಿ ಇಂದಿಗೂ ದುಡಿಯುತ್ತಿದೆ. ಮಕ್ಕಳಿಗೆ ಬೇಕಿರುವುದು ಆಸರೆ ಮಾತ್ರವಲ್ಲ, ಪರಂಪರೆಯೂ: ಬೇಯಿಸಿದ ಕೆಸುವಿನ ಗಡ್ಡೆಯನ್ನು ಮರದ ಹಲಗೆಯ ಮೇಲಿಟ್ಟು, ಅಂಟದಂತೆ ಕೈ ಒದ್ದೆ ಮಾಡಿಕೊಳ್ಳುತ್ತಾ, ಕಲ್ಲಿನಿಂದ ಜಜ್ಜಿ ‘ಪೊಯಿ’ ಮಾಡುವುದನ್ನು ಹಿರಿಯರ ಪಕ್ಕದಲ್ಲಿ ಕೂತೇ ಕಲಿಯಬೇಕು. 1896ರ ಕಾನೂನು ಹವಾಯಿಯನ್ ಭಾಷೆಯನ್ನು ತರಗತಿಯಿಂದ ಹೊರಗಟ್ಟಿದ ನಾಡಿನಲ್ಲಿ ಇಂತಹ ಕಲಿಕೆಯನ್ನು ಬರೀ ಹವ್ಯಾಸ ಎಂದು ತಳ್ಳಿಹಾಕಲಾಗದು.

ಪೋಷಕರನ್ನೂ ಮರೆಯಬಾರದು. ಬಾಡಿಗೆ ನೆರವು, ದಿನಸಿ, ಆಪ್ತಸಮಾಲೋಚನೆಗೆ ದಣಿದ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು. ಮಗುವನ್ನು ಕರೆದೊಯ್ಯಲು ಬಂದಲ್ಲೇ ಅವೆಲ್ಲ ಸಿಗಬೇಕು. ಪ್ರೌಢಶಾಲೆಯ ಮಕ್ಕಳಿಗೂ ಸಂಜೆ ಏಳರವರೆಗೆ ಶಾಲೆಯ ಬಾಗಿಲು ತೆರೆದಿರಲಿ. ಇದಕ್ಕೆ ಬೇಕಾದ ಹಣವನ್ನು ದಾನಿಗಳ ಔದಾರ್ಯಕ್ಕೆ ಬಿಡದೆ ರಾಜ್ಯದ ಬಜೆಟ್‌ನಲ್ಲೇ ತೆಗೆದಿಡಬೇಕು.