ಮಾರುವವರು ಕೂಡಿಡಬಹುದೇ?

ಕರೋಲ್ ಬಾಗಿನಲ್ಲಿ ದಕ್ಷಿಣದವರ ಸಂಸಾರಗಳು ದಟ್ಟವಾಗಿದ್ದ ಕಾಲವೊಂದಿತ್ತು. ದೇಶವಿಭಜನೆಯ ನಂತರ ಬಂದು ನೆಲೆಸಿದ ಪಂಜಾಬಿಗಳ ಅಂಗಡಿಗಳು ಕೆಳಗೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ ನೌಕರಿಗೆಂದು ಬಂದ ನಮ್ಮವರ ಬಾಡಿಗೆ ಕೋಣೆಗಳು ಮೇಲೆ. ಆ ತಲೆಮಾರಿನವರು ಈಗ ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಮಕ್ಕಳು ಗುರುಗ್ರಾಮದಲ್ಲೋ ಪುಣೆಯಲ್ಲೋ ಕಡಲಾಚೆಯಲ್ಲೋ ಇದ್ದಾರೆ. ಮನೆ ಖಾಲಿ ಮಾಡುವ ದಿನ ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಕೆಳಗಿಳಿಯುತ್ತದೆ. ಅದರೊಳಗಿನ ಕಾಗದಗಳಿಗೆ ಬೆಲೆ ಕಟ್ಟುವವರು ಯಾರು, ಅವರು ಯಾರ ಪರವಾಗಿ ಬೆಲೆ ಕಟ್ಟುತ್ತಾರೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ನನ್ನನ್ನು ಮಾತ್ರ ಅದು ಮೂರು ವರ್ಷಗಳಿಂದ ಕಾಡುತ್ತಿದೆ.

ನಡೆದದ್ದು ಇಷ್ಟು. ಅರವತ್ತರ ದಶಕದಲ್ಲಿ ದೆಹಲಿಗೆ ಬಂದ ನಮ್ಮ ಹಿರಿಯರೊಬ್ಬರು ರವಿವಾರದ ಬೆಳಗಿನ ಕನ್ನಡ ಚಿತ್ರಪ್ರದರ್ಶನಗಳನ್ನು ಏರ್ಪಡಿಸುವುದರಲ್ಲಿ ಬಹಳ ಓಡಾಡಿದ್ದವರು. ಪ್ರದರ್ಶನ ಮುಗಿದ ಮೇಲೆ ಉಳಿದ ಭಿತ್ತಿಪತ್ರಗಳನ್ನು ಅವರು ಮಡಿಸಿ ಟ್ರಂಕಿನಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆ ಬಿಡಿಸಲು ಬಂದ ಮಗಳು ನನ್ನ ಸಹಾಯ ಕೇಳಿದಳು. ಅಜಮಲ್ ಖಾನ್ ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಹಳೆಯ ಸಿನಿಮಾ ಪೋಸ್ಟರುಗಳನ್ನು ಮಾರುವ ಒಬ್ಬರನ್ನು ನಾನು ಬಲ್ಲೆ. ಅವರನ್ನು ಕರೆದೊಯ್ದವನು ನಾನೇ. ನಲವತ್ತಕ್ಕೂ ಹೆಚ್ಚು ಹಾಳೆಗಳಿದ್ದವು. ಅವರು ಒಂದೊಂದನ್ನೂ ಬಿಡಿಸಿ ನೋಡಿ, ದಕ್ಷಿಣದ ಚಿತ್ರಗಳಿಗೆ ದೆಹಲಿಯಲ್ಲಿ ಗಿರಾಕಿಗಳಿಲ್ಲವೆಂದು ಹೇಳಿ, ಇಡೀ ಕಟ್ಟಿಗೆ ಎಂಟು ಸಾವಿರ ರೂಪಾಯಿ ಕೊಟ್ಟರು. ಮಗಳು ಒಪ್ಪಿದಳು. ನಾನೂ ತಲೆಯಾಡಿಸಿದೆ.

ಕೆಲವು ತಿಂಗಳ ನಂತರ ಬೇರೊಂದು ಕಾರಣಕ್ಕೆ ಆ ವ್ಯಾಪಾರಿಯ ಮನೆಗೆ ಹೋಗಬೇಕಾಯಿತು. ನಡುಮನೆಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ 'ರಣಧೀರ ಕಂಠೀರವ' ಇತ್ತು. 1960ರಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮುಂತಾದ ಕಲಾವಿದರು ಸಂಘ ಕಟ್ಟಿಕೊಂಡು ತಾವೇ ನಿರ್ಮಿಸಿದ ಚಿತ್ರ ಅದು. ಮಡಿಕೆಯ ಗೆರೆಗಳು ನನಗೆ ಪರಿಚಿತವಾಗಿದ್ದವು. ಬೆಲೆ ಕೇಳಿದೆ. "ಅದು ಮಾರಾಟಕ್ಕಿಲ್ಲ ಸಾಹೇಬರೆ, ಅದು ಅಂಗಡಿಯದಲ್ಲ, ಮನೆಯದು" ಎಂದರು. ಆ ಬಗೆಯ ಇನ್ನೂರು ಹಾಳೆಗಳು ತಮ್ಮ ಸ್ವಂತ ಸಂಗ್ರಹದಲ್ಲಿವೆಯೆಂದು ಸಂತೋಷದಿಂದ ಹೇಳಿದರು.

ಇಲ್ಲಿ ಮೋಸ ನಡೆಯಿತೆಂದು ನಾನು ಹೇಳಲಾರೆ. ಒಪ್ಪಿದ ಹಣ ಒಪ್ಪಿದ ದಿನವೇ ಸಂದಿತು. ದೆಹಲಿಯಲ್ಲಿ ಗಿರಾಕಿಗಳಿಲ್ಲ ಎಂದದ್ದೂ ಸುಳ್ಳಲ್ಲ. ಆದರೆ ಅದು ಅಂಗಡಿಯ ಸತ್ಯ. ಒಬ್ಬ ಗಿರಾಕಿ ಆ ಕ್ಷಣದಲ್ಲೇ ಟ್ರಂಕಿನ ಮುಂದೆ ಕುಳಿತಿದ್ದಾನೆ, ಅವನು ತಾನೇ, ಎಂಬ ಮನೆಯ ಸತ್ಯವನ್ನು ಅವರು ಹೇಳಲಿಲ್ಲ.

ಹಾಗಾದರೆ ಹಳೆಯ ಭಿತ್ತಿಪತ್ರಗಳ ವ್ಯಾಪಾರಿ ಸಂಗ್ರಾಹಕನಾಗಲೇಬಾರದೇ? ಬಾರದು ಎಂದು ಥಟ್ಟನೆ ಹೇಳಿಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಭಿತ್ತಿಪತ್ರ ಉಳಿಯಲೆಂದು ಅಚ್ಚಾದದ್ದಲ್ಲ. ಮೈದಾ ಅಂಟು ಬಳಿದು ಗೋಡೆಗೆ ಹಚ್ಚಿದರೆ ಮುಂದಿನ ಶುಕ್ರವಾರ ಅದರ ಮೇಲೆ ಇನ್ನೊಂದು ಬರುತ್ತದೆ. ಹಚ್ಚದೆ ಉಳಿದದ್ದು ರದ್ದಿಗೆ ಹೋಗುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಪಿ. ಕೆ. ನಾಯರ್ ಅವರಂಥ ನಿಷ್ಠಾವಂತರು ಅದನ್ನು ಕಟ್ಟಿ ಬೆಳೆಸಿದರೂ ಅಷ್ಟರೊಳಗೆ ಬಹಳಷ್ಟು ಅಳಿದುಹೋಗಿತ್ತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿ ಇಂದು ಉಳಿದಿಲ್ಲ. ಚಿತ್ರವೇ ಇಲ್ಲದಿರುವಾಗ ಅದರ ಭಿತ್ತಿಪತ್ರ, ಹಾಡಿನ ಪುಸ್ತಕ, ಸ್ಥಿರಚಿತ್ರಗಳೇ ಚರಿತ್ರೆಯ ಆಧಾರವಾಗುತ್ತವೆ. ಅಂಥ ಕಾಗದಗಳು ಅಲ್ಪಸ್ವಲ್ಪವಾದರೂ ಉಳಿದಿದ್ದರೆ ಮುಂಬಯಿಯ ಚೋರ್ ಬಜಾರಿನಲ್ಲಿ, ನಮ್ಮ ದರಿಯಾಗಂಜಿನ ರವಿವಾರದ ಸಂತೆಯಲ್ಲಿ ರದ್ದಿಯ ರಾಶಿಯನ್ನು ಕೆದಕಿದ ಜನರಿಂದ ಉಳಿದಿವೆ. ಅವರಲ್ಲಿ ಅನೇಕರು ಮೊದಲು ಮೋಹಕ್ಕೆ ಬಿದ್ದು ಆಮೇಲೆ ಅಂಗಡಿ ತೆರೆದವರು. ಕಲ್ಲಚ್ಚಿನ ಮೂಲಪ್ರತಿಗೂ ಈಚೆಗೆ ಹಳೆಯದರಂತೆ ಕಾಣಿಸಲು ಮುದ್ರಿಸಿದ ನಕಲಿಗೂ ಇರುವ ವ್ಯತ್ಯಾಸವನ್ನು ಬೆರಳ ತುದಿಯಿಂದ ಹೇಳಬಲ್ಲವನು ಮನೆಯಲ್ಲಿ ಮೂಲಪ್ರತಿಗಳನ್ನು ಇಟ್ಟುಕೊಂಡವನೇ. ವಸ್ತುವಿನ ಮೇಲೆ ಪ್ರೀತಿಯಿಲ್ಲದ ವ್ಯಾಪಾರಿಗೆ 'ರಣಧೀರ ಕಂಠೀರವ'ವೂ ತೂಕದ ಕಾಗದವೇ.

ಆದುದರಿಂದ ಅವರ ಪ್ರೀತಿಯನ್ನು ನಾನು ದೂರುವುದಿಲ್ಲ. ನನ್ನ ಆಕ್ಷೇಪವಿರುವುದು ಅವರ ಮೌನದ ಬಗ್ಗೆ.

ಈ ಮೌನ ಏಕೆ ಅಪಾಯಕರ ಎಂಬುದನ್ನು ವಿವರಿಸಬೇಕು. ಇಂಥ ವಸ್ತುಗಳ ಬೆಲೆ ನಿಂತಿರುವುದು ಎಷ್ಟು ಪ್ರತಿಗಳು ಉಳಿದಿವೆ ಎಂಬ ಅರಿವಿನ ಮೇಲೆ. 1927ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ನ ಭಿತ್ತಿಪತ್ರವೊಂದು 2005ರಲ್ಲಿ 6,90,000 ಡಾಲರುಗಳಿಗೆ ಮಾರಾಟವಾಯಿತು. ಉಳಿದಿರುವ ಪ್ರತಿಗಳು ಬೆರಳೆಣಿಕೆಯಷ್ಟು ಎಂಬುದೇ ಅದಕ್ಕೆ ಮುಖ್ಯ ಕಾರಣ. ಈಗ ಒಬ್ಬನೇ ವ್ಯಕ್ತಿ ಮಾರುವವನೂ ಕೂಡಿಡುವವನೂ ಆದಾಗ ಎಷ್ಟು ಪ್ರತಿಗಳಿವೆ ಎಂಬುದು ಅವನಿಗೆ ಮಾತ್ರ ಗೊತ್ತಿರುತ್ತದೆ. ಕೊಳ್ಳುವಾಗ ಇದು ಸಾಮಾನ್ಯ ಎನ್ನಬಹುದು, ಮಾರುವಾಗ ಇದೊಂದೇ ಎನ್ನಬಹುದು. ಎರಡನ್ನೂ ಪರೀಕ್ಷಿಸುವ ಮೂರನೆಯವರಿಲ್ಲ.

ದೊಡ್ಡ ಪ್ರಮಾಣದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಸಿನಿಫ್ಯಾನ್ ಚಿತ್ರೋತ್ಸವದ ಮೂಲಕ ದೆಹಲಿಯ ನಮಗೆಲ್ಲ ಪರಿಚಿತವಾಗಿದ್ದ ಓಸಿಯಾನ್ಸ್ ಸಂಸ್ಥೆಯನ್ನು ನೆವಿಲ್ ತುಲಿ ಅವರು 2000ದಲ್ಲಿ ಸ್ಥಾಪಿಸಿದರು. ಚಲನಚಿತ್ರದ ಭಿತ್ತಿಪತ್ರಗಳನ್ನು ಕಲೆಯೆಂದು ಗೌರವದಿಂದ ಕಾಣಲು ಈ ದೇಶಕ್ಕೆ ಕಲಿಸಿದವರಲ್ಲಿ ಅವರೂ ಒಬ್ಬರು, ಅದನ್ನು ಮರೆಯಬಾರದು. ಆದರೆ ಹರಾಜಿನ ಸುತ್ತಿಗೆ, ಸ್ವಂತ ಸಂಗ್ರಹಾಗಾರ, 2006ರಲ್ಲಿ ಆರಂಭವಾದ ಕಲಾನಿಧಿ, ಮೂರೂ ಒಂದೇ ಸೂರಿನಡಿ ಇದ್ದವು. 2008ರ ಆರ್ಥಿಕ ಕುಸಿತದ ನಂತರ ಹಣ ಹೂಡಿದವರಿಗೆ ಸಕಾಲದಲ್ಲಿ ಹಣ ಹಿಂದಿರುಗಲಿಲ್ಲ. ಯಾರ ಉದ್ದೇಶವನ್ನೂ ನಾನು ಶಂಕಿಸುತ್ತಿಲ್ಲ. ಒಂದೇ ಮನೆಯಲ್ಲಿ ತಕ್ಕಡಿಯೂ ತಿಜೋರಿಯೂ ಇದ್ದಾಗ ಯಾವುದು ಮಾರುಕಟ್ಟೆಯ ಬೆಲೆ, ಯಾವುದು ಮನೆಯ ಬೆಲೆ ಎಂದು ಹೊರಗಿನವರು ತಿಳಿಯುವುದು ಕಷ್ಟ ಎಂದಷ್ಟೇ ಹೇಳುತ್ತಿದ್ದೇನೆ.

ನಾನು ಮೂವತ್ತು ವರ್ಷಗಳಿಂದ ಸರ್ಕಾರಿ ಕಡತಗಳ ನಡುವೆ ಬದುಕಿದವನು. 1964ರ ನಮ್ಮ ನಡವಳಿ ನಿಯಮಗಳಲ್ಲಿ ಒಂದು ಮಾತಿದೆ. ಅಧಿಕಾರಿಯ ಕುಟುಂಬದವರು ನೌಕರಿಯಲ್ಲಿರುವ ಸಂಸ್ಥೆಯ ವಿಷಯ ಅವನ ಮೇಜಿಗೆ ಬಂದರೆ ಅವನು ತಾನೇ ತೀರ್ಮಾನಿಸದೆ ಮೇಲಧಿಕಾರಿಗೆ ಒಪ್ಪಿಸಬೇಕು. ಇದರರ್ಥ ಅಧಿಕಾರಿ ಅಪ್ರಾಮಾಣಿಕ ಎಂದಲ್ಲ; ಅವನ ಪ್ರಾಮಾಣಿಕತೆಯನ್ನು ಯಾರೂ ಊಹಿಸಬೇಕಾದ ಪರಿಸ್ಥಿತಿ ಬರಬಾರದು ಎಂದು. ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 1986ರಲ್ಲಿ ಒಪ್ಪಿದ ನೀತಿಸಂಹಿತೆಯೂ ಇದೇ ದಾರಿಯದು. ಸಂಗ್ರಹಾಲಯದವರು ವ್ಯಾಪಾರ ಮಾಡಬಾರದು, ಸ್ವಂತಕ್ಕೆ ಸಂಗ್ರಹಿಸುವುದಾದರೆ ತಮ್ಮ ಸಂಸ್ಥೆಯೊಡನೆ ಪೈಪೋಟಿಗಿಳಿಯಬಾರದು ಎನ್ನುತ್ತದೆ ಅದು. ಗಲ್ಲಿಯ ವ್ಯಾಪಾರಿಗೆ ಇಷ್ಟು ಕಟ್ಟುನಿಟ್ಟು ಸಲ್ಲದು. ಆದರೆ ಅದರ ತಿರುಳು ಅವನಿಗೂ ಸಲ್ಲುತ್ತದೆ.

ನನ್ನ ದೃಷ್ಟಿಯಲ್ಲಿ ವ್ಯಾಪಾರಿ ಮೂರು ಕಟ್ಟಳೆಗಳನ್ನು ಪಾಲಿಸಿದರೆ ಸಾಕು. ಸ್ವಂತಕ್ಕೆ ಬೇಕೆನಿಸಿದ ಹಾಳೆಯನ್ನು ಬೆಲೆ ಹೇಳುವ ಮುನ್ನವೇ ಬೇರೆ ಇಟ್ಟು, "ಇದು ನನಗೆ ಬೇಕು" ಎನ್ನಬೇಕು. ಅದರ ಬೆಲೆಯನ್ನು ತಾನೇ ಕಟ್ಟದೆ, ಇನ್ನೊಬ್ಬರನ್ನು ಕೇಳಿ ಬರಲು ಮಾರುವವರಿಗೆ ಅವಕಾಶ ಕೊಡಬೇಕು. ರಸೀದಿಯಲ್ಲಿ ಅಂಗಡಿಗೆ ಎಷ್ಟು, ಸ್ವಂತಕ್ಕೆ ಯಾವುದು ಎಂದು ಬರೆಯಬೇಕು. ಇದರಿಂದ ಅವನ ಸಂಗ್ರಹ ಬಡವಾಗುವುದಿಲ್ಲ. ಆ ದಿನ ಆ ವ್ಯಾಪಾರಿ ಹಾಗೆ ಹೇಳಿದ್ದರೆ, ತಂದೆಯ ನೆನಪಿಗೆ ಬೆಲೆ ಕೊಡುವವನೆಂದು ಮಗಳು ಪ್ರಾಯಶಃ ಆ ಹಾಳೆಯನ್ನು ಅವರಿಗೇ ಒಪ್ಪಿಸುತ್ತಿದ್ದಳು.

ಕಾನೂನು ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. 1972ರ ಪುರಾವಸ್ತುಗಳ ಅಧಿನಿಯಮದ ಪ್ರಕಾರ ಪುರಾವಸ್ತುಗಳ ವ್ಯಾಪಾರಿ ಪರವಾನಗಿ ಪಡೆಯಬೇಕು, ದಾಖಲೆಗಳನ್ನು ಇಡಬೇಕು. ಆದರೆ ಹಸ್ತಪ್ರತಿಗಳ ಹೊರತು ಮಿಕ್ಕ ವಸ್ತುಗಳಿಗೆ ನೂರು ವರ್ಷ ತುಂಬಿರಬೇಕು. ಕನ್ನಡ ವಾಕ್ಚಿತ್ರಕ್ಕೆ ನೂರು ತುಂಬುವುದು 2034ರಲ್ಲಿ. ಅಷ್ಟರೊಳಗೆ ಹೊರನಾಡಿನ ನಮ್ಮ ಟ್ರಂಕುಗಳಲ್ಲಿ ಬಹುಪಾಲು ಬರಿದಾಗಿರುತ್ತವೆ.

ಕೊನೆಯದಾಗಿ, ತಪ್ಪು ವ್ಯಾಪಾರಿಯೊಬ್ಬರದೇ ಅಲ್ಲ. ತಿಳಿದವನೆಂಬ ವಿಶ್ವಾಸದಿಂದ ನನ್ನನ್ನು ಕರೆದಿದ್ದರು. ನಾನು ಒಂದು ಪಟ್ಟಿಯನ್ನೂ ಮಾಡಲಿಲ್ಲ, ಒಂದು ಛಾಯಾಚಿತ್ರವನ್ನೂ ತೆಗೆಯಲಿಲ್ಲ. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಮಾಡುವ ಖರ್ಚಿನ ಅಲ್ಪಾಂಶದಲ್ಲಿ ಈ ಕೆಲಸ ಮಾಡಬಹುದು. ಹಿರಿಯರೊಬ್ಬರ ಮನೆ ಖಾಲಿಯಾಗುವ ಸುದ್ದಿ ಬಂದಾಗ ಇಬ್ಬರು ಹೋಗಿ, ಮಾರುವ ಮುನ್ನ ಪ್ರತಿಯೊಂದು ಹಾಳೆಯ ಹೆಸರು ಬರೆದು ಚಿತ್ರ ತೆಗೆದು, ಪುಣೆಯ ಸಂಗ್ರಹಾಲಯಕ್ಕೋ ಬೆಂಗಳೂರಿನ ಚಲನಚಿತ್ರ ಅಕಾಡೆಮಿಗೋ ಒಂದು ಪತ್ರ ಬರೆಯಲಿ. ಅವರು ಬೇಡವೆಂದ ಮೇಲೆ ಕರೋಲ್ ಬಾಗಿನ ನಮ್ಮ ವ್ಯಾಪಾರಿ ಬರಲಿ, ಕೊಳ್ಳಲಿ, ಬೇಕಾದರೆ ಮನೆಯ ಗೋಡೆಗೂ ಹಾಕಿಕೊಳ್ಳಲಿ. ಮುಂದಿನ ಸಲ ನನ್ನನ್ನು ಯಾರಾದರೂ ಕರೆದರೆ ನಾನು ಮೊದಲು ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಹೋಗುತ್ತೇನೆ. ಓದುಗರೂ ಹಾಗೆ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.