ಎಲ್ಲ ಗಂಟಿಗೂ ತೈಲವೇ ಮದ್ದಲ್ಲ

ಬೆಳೆಯುವ ಮಕ್ಕಳ ಮೊಣಕಾಲು ನೋವನ್ನು ಆಟದ ಪೆಟ್ಟೆಂದು ಭಾವಿಸಿ ಎಣ್ಣೆ ತಿಕ್ಕುವುದು ನಮ್ಮಲ್ಲಿ ರೂಢಿ. ಬಹುಪಾಲು ನೋವು ಅಷ್ಟರಲ್ಲೇ ಶಮನವಾಗುತ್ತದೆ. ಆದರೆ ವಿಶ್ರಾಂತಿಯಲ್ಲೂ ಬಿಡದೆ ರಾತ್ರಿ ನಿದ್ದೆಗೆಡಿಸುವ ನೋವು, ಜೊತೆಗೆ ಹಿಗ್ಗುತ್ತಿರುವ ಗಟ್ಟಿ ಬಾವು ಕಂಡರೆ ಮೂಳೆಯ ಅರ್ಬುದವನ್ನು ಶಂಕಿಸಬೇಕು. 10ರಿಂದ 20ರ ವಯಸ್ಸಿನಲ್ಲಿ ಹೆಚ್ಚು ಕಾಣುವ ಆಸ್ಟಿಯೋಸಾರ್ಕೋಮಾ ಬಹುಮಟ್ಟಿಗೆ ಮೊಣಕಾಲಿನ ಸುತ್ತಲಿನ ಮೂಳೆಗಳಲ್ಲಿ, ಬಳಿಕ ತೋಳುಮೂಳೆಯ ಮೇಲ್ತುದಿಯಲ್ಲಿ ನೆಲೆಸುತ್ತದೆ. ಈವಿಂಗ್ ಸಾರ್ಕೋಮಾ ಕೆಲವೊಮ್ಮೆ ಜ್ವರವನ್ನೂ ತಂದು ಕೀವಿನ ರೋಗವೆಂಬ ಭ್ರಮೆ ಹುಟ್ಟಿಸುತ್ತದೆ.

ಮಾಂಸದ ಗಂಟುಗಳ ರೀತಿ ಬೇರೆ. ಚರ್ಮದಡಿ ಮೆತ್ತಗೆ ಜಾರುವ ಕೊಬ್ಬಿನ ಗಂಟು ಸಾಮಾನ್ಯವಾಗಿ ನಿರಪಾಯ. ತೊಡೆಯ ಆಳದಲ್ಲಿ ಬೆಳೆಯುತ್ತ 5 ಸೆಂಟಿಮೀಟರ್ ಮೀರಿದ ಗಂಟು ಸಂಶಯಾಸ್ಪದ. ನೋವಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ.

ಅರ್ಬುದವು ಆಳಕ್ಕೆ ಬೇರೂರುತ್ತದೆ, ಕೀವುಗಟ್ಟುವುದಿಲ್ಲವೆಂದು ಸುಶ್ರುತಾಚಾರ್ಯರೇ ಗುರುತಿಸಿದ್ದಾರೆ. ಹೀಗಿರುವಾಗ ಅದನ್ನು ತಿಕ್ಕಿ ಕರಗಿಸುವೆವೆಂಬುದು ಆಯುರ್ವೇದವಲ್ಲ. ವೃತ್ತಿಯ ಆರಂಭದಲ್ಲಿ ನಾವೂ ಇಂಥದೊಂದು ಮೊಣಕಾಲಿಗೆ ಮೂರು ವಾರ ತೈಲ ಹಚ್ಚಿಸಿದೆವು; ಆ ಪಶ್ಚಾತ್ತಾಪ ಇಂದಿಗೂ ಆರಿಲ್ಲ. ಶಂಕೆ ಬಂದೊಡನೆ ಅಭ್ಯಂಗ, ನಾಟಿ ಕಟ್ಟುಗಳನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಿರಿ. ಬಯಾಪ್ಸಿಯನ್ನು ಕ್ಯಾನ್ಸರ್ ಚಿಕಿತ್ಸಾಕೇಂದ್ರದಲ್ಲೇ ಮಾಡಿಸಿರಿ. ತನ್ನ ಮಿತಿಯರಿತು ರೋಗಿಯನ್ನು ಸಕಾಲದಲ್ಲಿ ಕಳುಹಿಸುವುದೂ ವೈದ್ಯನ ಕಾಯಕವೇ.